ನಿಕಾನ್ ಡಿ3500: ನನ್ನ ಮೊದಲ ಡಿಎಸ್‌ಎಲ್‌ಆರ್, ಐದು ವರ್ಷದ ಮೇಲೆ

2019ರಲ್ಲಿ ಈ ಲೆನ್ಸ್ ಬದಲಿಸುವ ಥರದ ಕ್ಯಾಮೆರಾ ತಗೊಳ್ಳುವಾಗ ನಾನು ನೋಡಿದ್ದು ಎರಡೇ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ರೇಟು. ಡಿ3500ರಲ್ಲಿ 24 ಮೆಗಾಪಿಕ್ಸೆಲ್ ಇತ್ತು, 18-55 ಎಂಎಂ ಕಿಟ್ ಲೆನ್ಸ್ ಜೊತೆಗೇ ಬಂತು. ಡಬ್ಬ ಬಿಚ್ಚಿದ ದಿನ ಬೆಕ್ಕು, ತುಳಸಿಕಟ್ಟೆ, ಪಕ್ಕದ ಮನೆಯ ಸ್ಕೂಟರು, ಒಂದನ್ನೂ ಬಿಡಲಿಲ್ಲ.

ಮೂರು ತಿಂಗಳಿಗೆ ಅಕ್ಕನ ಮಗುವಿನ ನಾಮಕರಣ. ತೊಟ್ಟಿಲು ಇಟ್ಟಿದ್ದು ಒಳಕೋಣೆಯಲ್ಲಿ, ಇದ್ದದ್ದು ಒಂದೇ ಟ್ಯೂಬ್‌ಲೈಟು. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಅಂಕಿಯನ್ನು 6400ಕ್ಕೆ ಏರಿಸಿದರೂ ಮಗು ಕೈ ಆಡಿಸಿದರೆ ಫೋಟೋ ಮಸುಕು. ಫ್ಲಾಶ್ ಹಾಕಿದರೆ ಮಗು ಅಳುತ್ತದೆ, ಅಕ್ಕ ಬೈಯುತ್ತಾಳೆ.

50 ಎಂಎಂ ಎಫ್1.8 ಲೆನ್ಸ್ ತಗೋ ಅಂತ ಯಾರೋ ಹೇಳಿದರು. ಅಂಗಡಿಯಲ್ಲಿ ಎರಡು ಥರದ್ದಿತ್ತು, ಒಂದು ಡಿ, ಇನ್ನೊಂದು ಜಿ. ಡಿ ಅಗ್ಗ, ಹಿಂದೆಮುಂದೆ ನೋಡದೆ ಅದನ್ನೇ ತಂದೆ. ಮನೆಗೆ ಬಂದು ಹಾಕಿದರೆ ತಾನಾಗಿ ಫೋಕಸ್ ಆಗುತ್ತಲೇ ಇಲ್ಲ! ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಡಿ ಲೆನ್ಸ್‌ನೊಳಗೆ ಫೋಕಸ್ ಮಾಡುವ ಮೋಟರ್ ಇರುವುದಿಲ್ಲ, ಕ್ಯಾಮೆರಾ ಬಾಡಿಯ ಮೋಟರೇ ಅದನ್ನು ತಿರುಗಿಸಬೇಕು. ಡಿ7500ರಂಥ ಮೇಲಿನ ಮಾಡೆಲ್‌ನಲ್ಲಿ ಆ ಮೋಟರ್ ಇದೆ, ಇದರಲ್ಲಿಲ್ಲ. ನಿಕಾನ್ ಲೆನ್ಸ್ ಆದರೆ ಡಬ್ಬದ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದೆಯಾ ನೋಡಿಕೊಳ್ಳಿ. ನಾನು ಆ ಅಕ್ಷರ ಓದಲಿಲ್ಲ, ದುಡ್ಡು ಕಳೆದುಕೊಂಡೆ, ಅಷ್ಟೇ.

ಆಮೇಲೆ ತಗೊಂಡ ಎಎಫ್-ಎಸ್ 35 ಎಂಎಂ ಎಫ್1.8 ಇವತ್ತಿಗೂ ಕ್ಯಾಮೆರಾ ಬಿಟ್ಟು ಇಳಿದಿಲ್ಲ ಅನ್ನಬಹುದು. ಎಫ್5.6ಕ್ಕೆ ಹೋಲಿಸಿದರೆ ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸ್ ಬೀರುವಿನಲ್ಲಿದೆ.

ಬಾಡಿ ಬಗ್ಗೆ ದೂರು ಕಡಿಮೆ. ಲೆನ್ಸ್ ಬಿಟ್ಟು, ಬ್ಯಾಟರಿ, ಕಾರ್ಡ್ ಸೇರಿ 415 ಗ್ರಾಂ, ಕುತ್ತಿಗೆ ನೋಯುವುದಿಲ್ಲ. ಒಂದು ಚಾರ್ಜ್‌ಗೆ 1550 ಫೋಟೋ ಅಂತ ಕಂಪನಿಯ ಲೆಕ್ಕ. ನಾನು ಎಣಿಸಿಲ್ಲ, ಆದರೆ ಕೊಕ್ಕರೆ ಬೆಳ್ಳೂರಿಗೆ ಹೋದಾಗ ಚಾರ್ಜರ್ ಒಯ್ದದ್ದೇ ಇಲ್ಲ. ಅಲ್ಲಿ ಊರೊಳಗಿನ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಗೂಡಿನಲ್ಲಿ ಕೂತ ಹಕ್ಕಿ ಚೆನ್ನಾಗಿ ಸಿಗುತ್ತದೆ. ಹಾರುವ ಹಕ್ಕಿಗೆ ಇದರ 11 ಫೋಕಸ್ ಪಾಯಿಂಟ್ ಸಾಲದು, ಹತ್ತರಲ್ಲಿ ಏಳು ತಪ್ಪುತ್ತಿತ್ತು. (ಕೈ ನನ್ನದೂ ನಡುಗುತ್ತದೆ, ಅದು ಬೇರೆ ಮಾತು.)

ವಿಡಿಯೋ ಮಾಡುವವರು ಬೇರೆ ನೋಡಿಕೊಳ್ಳಿ. ಮೈಕ್ ಸಿಕ್ಕಿಸುವ ತೂತಿಲ್ಲ, ಸ್ಕ್ರೀನ್ ತಿರುಗುವುದಿಲ್ಲ.

ಈ ಮಾಡೆಲ್ ತಯಾರಿಕೆ ನಿಂತಿದೆ, ಇನ್ನು ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ನೋಡಲು ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಪರ್ಚರ್ ಎಫ್16ಕ್ಕೆ ಇಟ್ಟು ಬಿಳಿ ಗೋಡೆಯ ಒಂದು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ (ಒಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ದೂಳಿದೆ ಅಂತ ಅರ್ಥ. ತಾನೇ ಕೊಡವಿಕೊಳ್ಳುವ ವ್ಯವಸ್ಥೆ ಇದರಲ್ಲಿಲ್ಲ, ಸರ್ವಿಸ್‌ನವರಿಗೆ ಕೊಟ್ಟು ಒರೆಸಿಸಬೇಕಾಗಬಹುದು. ಆ ಖರ್ಚನ್ನು ರೇಟಿನಲ್ಲಿ ಹಿಡಿದೇ ಚೌಕಾಸಿ ಮಾಡಿ.