ಚಪ್ಪಾಳೆ ತುಂಡಾಗದ ಪ್ಲೇಯರ್

ಡೌನ್‌ಲೋಡ್ ಮಾಡಿಟ್ಟ ಹಾಡುಗಳು ನನ್ನ ಹತ್ತಿರ ರಾಶಿ ಬಿದ್ದಿವೆ. ಕೆಲವು ಎಂಪಿ3, ಕೆಲವು ಫ್ಲ್ಯಾಕ್ (ಸದ್ದಿನ ಗುಣಮಟ್ಟ ಕಳೆಯದೆ ಇಡುವ ಫೈಲು). ಅದರಲ್ಲಿ ಒಂದು ಲೈವ್ ರೆಕಾರ್ಡಿಂಗ್ ಅಂದರೆ ನನಗೆ ಪ್ರಾಣ. ಮೊದಲ ಹಾಡು ಮುಗಿದು ಚಪ್ಪಾಳೆ ಏಳುತ್ತದೆ, ಅದು ನಿಲ್ಲುವ ಮೊದಲೇ ಎರಡನೇ ಫೈಲು ಶುರು. ಹಳೆಯ ಪ್ಲೇಯರ್‌ನಲ್ಲಿ ಸರಿಯಾಗಿ ಅಲ್ಲೇ 'ಟಕ್' ಅಂತ ಒಂದು ಮೌನ. ಜನರೆಲ್ಲ ಒಟ್ಟಿಗೆ ಕೈ ಹಿಂದಕ್ಕೆ ಎಳೆದುಕೊಂಡ ಹಾಗೆ.

ಆ ಒಂದು 'ಟಕ್'ಗೋಸ್ಕರ ಕಂಪ್ಯೂಟರ್‌ಗೆ ಫೂಬಾರ್ 2000 ಹಾಕಿಕೊಂಡೆ. ಪೀಟರ್ ಪಾವ್ಲೋವ್‌ಸ್ಕಿ 2002ರಲ್ಲಿ ಮೊದಲು ಬಿಟ್ಟ ಪ್ಲೇಯರ್ ಇದು. ಈಗಲೂ ಪುಕ್ಕಟೆ.

ಇನ್‌ಸ್ಟಾಲ್ ಎರಡೇ ನಿಮಿಷ. ಸದ್ದು ಮಾತ್ರ ಇಲ್ಲ! ಸೆಕೆಂಡು ಓಡುತ್ತಿದೆ, ಸ್ಪೀಕರ್ ತೆಪ್ಪಗಿದೆ. ಅರ್ಧ ಗಂಟೆ ವೈರ್ ಕಿತ್ತು ಸಿಕ್ಕಿಸಿ ಮಾಡಿದೆ. ಕೊನೆಗೆ ನೋಡಿದರೆ, ಸದ್ದು ಎಚ್‌ಡಿಎಂಐ ಕೇಬಲ್ ಹಿಡಿದು ಮಾನಿಟರ್‌ಗೆ ಹೋಗುತ್ತಿತ್ತು. ಆ ಮಾನಿಟರ್‌ಗೆ ಸ್ಪೀಕರೇ ಇಲ್ಲ. ಪ್ರಿಫರೆನ್ಸಸ್ ತೆರೆದು, ಪ್ಲೇಬ್ಯಾಕ್ ಕೆಳಗಿನ ಔಟ್‌ಪುಟ್‌ನಲ್ಲಿ ನನ್ನ ಸ್ಪೀಕರ್ ಆರಿಸಿದೆ, ಮುಗಿಯಿತು. ತಪ್ಪು ನನ್ನದೇ ಬಿಡಿ.

'ಟಕ್' ಹೋಯಿತಾ? ಹೋಯಿತು. ಎಂಪಿ3 ಮಾಡುವಾಗ ಹಾಡಿನ ಹಿಂದೆ ಮುಂದೆ ಒಂಚೂರು ಖಾಲಿ ಜಾಗ ಸೇರಿಕೊಳ್ಳುತ್ತದೆ. ಎಷ್ಟು ಸೇರಿದೆ ಅನ್ನುವುದನ್ನು ಲೇಮ್‌ನಂಥ ಎನ್‌ಕೋಡರ್ (ಎಂಪಿ3 ತಯಾರಿಸುವ ಸಾಫ್ಟ್‌ವೇರ್) ಫೈಲಿನೊಳಗೇ ಬರೆದಿಟ್ಟಿರುತ್ತದೆ. ಫೂಬಾರ್ ಅದನ್ನು ಓದಿ, ಅಷ್ಟನ್ನು ಕತ್ತರಿಸಿ ನುಡಿಸುತ್ತದೆ. ಫ್ಲ್ಯಾಕ್‌ನಲ್ಲಿ ಈ ತಕರಾರೇ ಇಲ್ಲ.

ನೋಡೋಕೆ ಮಾತ್ರ ಸಪ್ಪೆ. ಲೆಕ್ಕದ ಪುಸ್ತಕ ತೆರೆದ ಹಾಗಿರುತ್ತದೆ. 2023ರ 2.0 ಆವೃತ್ತಿಯಲ್ಲಿ ಡಾರ್ಕ್ ಮೋಡ್ ಬಂತು, ಅಷ್ಟರಮಟ್ಟಿಗೆ ಕಣ್ಣಿಗೆ ತಂಪು. ಸೆಟ್ಟಿಂಗ್‌ಗಳಂತೂ ವಿಪರೀತ ಜಾಸ್ತಿ; ಹೊಸಬರು ಸುಮ್ನೆ ಎಲ್ಲವನ್ನೂ ಒತ್ತಿ ನೋಡಬೇಡಿ.

ನಾನು ಮಾಡಿದ್ದು ಅದನ್ನೇ. ಒಂದು ಹಾಡು ಪಿಸುಗುಟ್ಟಿದರೆ ಇನ್ನೊಂದು ಕಿರುಚುತ್ತದೆ ಅಲ್ವಾ, ಅದಕ್ಕೆ ರೀಪ್ಲೇಗೇನ್ ಇದೆ. ಪ್ರತಿ ಫೈಲಿನ ಜೋರು ಎಷ್ಟು ಅಂತ ಅಳೆದು ಟ್ಯಾಗ್‌ನಲ್ಲಿ, ಅಂದರೆ ಫೈಲಿನ ಜೊತೆಗಿರುವ ಮಾಹಿತಿಯಲ್ಲಿ, ಬರೆಯುತ್ತದೆ; ನುಡಿಸುವಾಗ ಅದನ್ನು ನೋಡಿ ಜೋರು ಹೊಂದಿಸುತ್ತದೆ, ರೆಕಾರ್ಡಿಂಗನ್ನು ಮುಟ್ಟುವುದಿಲ್ಲ. ಖುಷಿಯಿಂದ ಟ್ರ್ಯಾಕ್ ಲೆಕ್ಕದಲ್ಲಿ ಹಾಕಿದೆ. ಪ್ರತಿ ಹಾಡಿಗೂ ಬೇರೆ ಬೇರೆ ಅಳತೆ ಬಿತ್ತು, ಫೈಲು ಬದಲಾಗುವಲ್ಲಿ ಚಪ್ಪಾಳೆ ಥಟ್ಟನೆ ಜೋರಾಯಿತು. ಇಡೀ ಆಲ್ಬಮ್‌ಗೆ ಒಂದೇ ಅಳತೆ ಅಂತ ಬದಲಾಯಿಸಿದ ಮೇಲೆ ಸರಿಹೋಯಿತು.

ಈಗ ಚಪ್ಪಾಳೆ ಒಂದೇ ಸಮ. ಫೈಲುಗಳು ಸೇರುವ ಜಾಗದಲ್ಲೇ ಯಾರೋ ಕೆಮ್ಮಿದ್ದಾರೆ. ಇಷ್ಟು ವರ್ಷ ಕಿವಿಯೆಲ್ಲ ಆ 'ಟಕ್' ಮೇಲೇ ಇತ್ತು, ಇದು ಕೇಳಿಸಿರಲೇ ಇಲ್ಲ.