‘ಟರಾಂಟುಲಾ ಸ್ಪೆಷಲ್’ ಎಂಬ ಚೀಟಿ ನೋಡಿ ಮಣ್ಣು ತರಿಸುವವರೇ, ಸ್ವಲ್ಪ ನಿಲ್ಲಿ

ಟರಾಂಟುಲಾ ಎಂಬ ದೊಡ್ಡ ಜೇಡ ಸಾಕುವ ಕಾಸರಗೋಡಿನವರೇ, ಮಂಗಳೂರಿನವರೇ, ‘ಟರಾಂಟುಲಾ ಸ್ಪೆಷಲ್ ಸಬ್‌ಸ್ಟ್ರೇಟ್’ ಎಂದು ಆನ್‌ಲೈನ್‌ನಲ್ಲಿ ಮಾರುವ, ಜೇಡದ ಪೆಟ್ಟಿಗೆಗೆ ಹಾಸುವ ಮಣ್ಣಿನ ಪೊಟ್ಟಣಗಳನ್ನು ದಯವಿಟ್ಟು ಕಣ್ಣುಮುಚ್ಚಿ ತರಿಸಬೇಡಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಎರಡು ಕಿಲೋಗೆ 850 ರೂಪಾಯಿ, ಕೊರಿಯರ್ ಖರ್ಚು ಬೇರೆ. ಚೀಟಿಯ ಮೇಲೆ ದೊಡ್ಡ ಜೇಡದ ಚಿತ್ರ, ಕೆಳಗೆ ‘ತೊಳೆದದ್ದು, ರಾಸಾಯನಿಕರಹಿತ’ ಎಂಬ ಭರವಸೆ.

ನನ್ನದು ಬ್ರೆಜಿಲ್ ಮೂಲದ ಸಾಲ್ಮನ್ ಪಿಂಕ್ ಎಂಬ ಟರಾಂಟುಲಾ. ಬೆಳೆದರೆ ಕಾಲು ಚಾಚಿದಾಗ 25 ಸೆಂಟಿಮೀಟರ್ ಮುಟ್ಟುವ, ನೆಲದಲ್ಲೇ ಇರುವ ಜಾತಿ. ದೊಡ್ಡ ಪೆಟ್ಟಿಗೆಗೆ ಬದಲಿಸುವುದಕ್ಕಾಗಿ ಈ ಮಣ್ಣು ತರಿಸಿದ್ದೆ. ಪೊಟ್ಟಣ ಒಡೆದಾಗಲೇ ಥರ್ಮೋಕೋಲ್ ಚೂರಿನಂಥ ಬಿಳಿ ಕಾಳುಗಳು ಕಂಡವು. ಅಂಗಡಿಯವರನ್ನು ಕೇಳಿದೆ. “ಅದು ತೇವ ಹಿಡಿದಿಡಲು, ವಿದೇಶದಲ್ಲಿ ಎಲ್ಲರೂ ಹಾಕುತ್ತಾರೆ” ಎಂಬ ಉತ್ತರ ಕೂಡಲೇ ಬಂತು. ಆಗ ಎಷ್ಟು ಚುರುಕು ನೋಡಿ!

ಜೇಡ ಆ ಮಣ್ಣಿಗೆ ಕಾಲಿಡಲೇ ಇಲ್ಲ. ಒಂದು ಕಾಲು ಊರುವುದು, ತಕ್ಷಣ ಎತ್ತುವುದು, ಮತ್ತೆ ಗಾಜು ಹತ್ತುವುದು. ಹಗಲೂ ರಾತ್ರಿಯೂ ಗಾಜಿಗೇ ಅಂಟಿಕೊಂಡಿತ್ತು. ಇಷ್ಟು ಭಾರದ ನೆಲದ ಜೇಡ ಮೇಲಿನಿಂದ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. ಸಾಕಿದವರಿಗೆ ನನ್ನ ಆತಂಕ ಗೊತ್ತಾಗುತ್ತದೆ. ಹೊಸ ಜಾಗ, ಹೊಂದಿಕೊಳ್ಳಲಿ ಎಂದು ಕಾದೆ. ಅಷ್ಟರಲ್ಲಿ ಅಮ್ಮ ಬಂದು ಒಂದು ಹಿಡಿ ಮಣ್ಣನ್ನು ಮೂಗಿಗೆ ಹಿಡಿದರು. “ಇದು ಬೇವಿನ ಹಿಂಡಿ ಅಲ್ಲವೇನೋ? ಮಲ್ಲಿಗೆ ಬುಡಕ್ಕೆ ಹಾಕುವುದು. ಇದನ್ನು ದುಡ್ಡು ಕೊಟ್ಟು ತರಿಸಿದೆಯಾ?”

ಉಳಿದ ಪೊಟ್ಟಣದ ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ಜೇಡದ ಚಿತ್ರ ಸುಲಿದು ಬಂತು. ಅಡಿಯಲ್ಲಿ ಇನ್ನೊಂದು ಚೀಟಿ, ಅದರಲ್ಲಿ ಗುಲಾಬಿ ಹೂವು, ‘ತಾರಸಿ ತೋಟದ ಕುಂಡಗಳಿಗೆ’. ಕುಂಡದ ಮಣ್ಣು! ತೆಂಗಿನ ನಾರಿನ ಹುಡಿ, ಪರ್ಲೈಟ್ ಎಂಬ ಆ ಬಿಳಿ ಕಾಳು, ಬೇವಿನ ಹಿಂಡಿ. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಕಾಸರಗೋಡಿಗೆ ತೆಂಗಿನ ಹುಡಿಯನ್ನು 850 ರೂಪಾಯಿಗೆ ಕಳುಹಿಸಿದ್ದಾರೆ. ನಮ್ಮ ಬದಿಯಡ್ಕದಲ್ಲಿ ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗುತ್ತಲೇ ಇದ್ದಾರೆ.

ಪರ್ಲೈಟ್ ವಿಷವಲ್ಲ, ಒಪ್ಪುತ್ತೇನೆ. ಬೇವಿನ ವಿಷಯ ಹಾಗಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಕೀಟಗಳು ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಜೇಡ ಕೀಟವಲ್ಲ, ಆದರೆ ಅದೂ ಪೊರೆ ಕಳಚಿಯೇ ಬೆಳೆಯಬೇಕು, ಅದು ತಿನ್ನುವುದೂ ಕೀಟಗಳನ್ನೇ.

ಎರಡು ಚೀಟಿಗಳ ಫೋಟೋ ಕಳುಹಿಸಿದೆ. ಮೊದಲ ಉತ್ತರ: “ಜೇಡ ಮಣ್ಣು ತಿನ್ನುವುದಿಲ್ಲವಲ್ಲ ಸರ್.” ಎರಡನೆಯದು: “ಬೇವು ನೈಸರ್ಗಿಕ, ಏನೂ ಆಗುವುದಿಲ್ಲ.” ಏನೂ ಆಗುವುದಿಲ್ಲವಂತೆ! 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿಕೊಂಡು ಜನ ಕಾಯಿಲೆ ಬಿದ್ದ ಜಿಲ್ಲೆ ನಮ್ಮದು. ಆ ದುರಂತಕ್ಕೆ ಇದನ್ನು ಹೋಲಿಸುವುದಿಲ್ಲ, ಆದರೆ ಕೀಟ ಕೊಲ್ಲುವ ವಸ್ತು ಮಾರುವವರ ಬಾಯಿಂದ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಹಣ ವಾಪಸ್ ಕೇಳಿದಾಗ, “ಒಡೆದ ಪೊಟ್ಟಣ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಕಿದ್ದರೆ ಮುಂದಿನ ಖರೀದಿಗೆ ಹತ್ತು ಶೇಕಡಾ ರಿಯಾಯಿತಿ.” ಮುಂದಿನ ಖರೀದಿಯಂತೆ! ಚೀಟಿಯ ಮೇಲೆ ಚೀಟಿ ಏಕೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಮತ್ತೆ ಕೇಳಿದೆ, ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಜೇಡವನ್ನು ಟಿಶ್ಯೂ ಹಾಸಿದ ಡಬ್ಬಿಗೆ ಬದಲಿಸಿದ್ದೇನೆ. ಬದುಕಿದೆ, ಆದರೆ ಜಿರಲೆ ಕೊಟ್ಟರೆ ಮುಟ್ಟುತ್ತಿಲ್ಲ.

ನರ್ಸರಿಯಲ್ಲಿ ಸಿಗುವ, ಏನೂ ಬೆರೆಸದ ನಾರಿನ ಹುಡಿಯ ಇಟ್ಟಿಗೆ ಸಾಕು. ಕಡಲಂಚಿನ ಹಿನ್ನೀರಿನಲ್ಲಿ ಕೊಳೆಸಿದ ಸಿಪ್ಪೆಯ ಹುಡಿಯಲ್ಲಿ ಉಪ್ಪಿರುತ್ತದೆ, ಬಾವಿನೀರಿನಲ್ಲಿ ಮತ್ತೆ ಮತ್ತೆ ತೊಳೆದು ಹಿಂಡಿ ಒಣಗಿಸಿ. ಅಡಿಕೆ ತೋಟದ ಮಣ್ಣು ಬೇಡವೇ ಬೇಡ, ಕೊಳೆರೋಗಕ್ಕೆ ಹೊಡೆದ ಮೈಲುತುತ್ತು ಅದರಲ್ಲಿ ಸೇರಿರುತ್ತದೆ. ಮಣ್ಣಿನಿಂದ ಮುಚ್ಚಳಕ್ಕಿರುವ ಎತ್ತರ ಜೇಡದ ಕಾಲುಚಾಚಿನ ಒಂದೂವರೆ ಪಟ್ಟು ಮೀರದಂತೆ ತುಂಬಿ. ಯಾವ ಚೀಟಿ ಕಂಡರೂ ಮೊದಲು ಅದರ ಮೂಲೆ ಎಬ್ಬಿಸಿ ನೋಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದರೆ ಅದೇ ಪೊಟ್ಟಣ ಇನ್ನೂ ಮಾರಾಟಕ್ಕಿದೆ, ಬೆಲೆ 900 ಆಗಿದೆ.