ಜಾರ್ಜಿಯಾದ ಹಳೇ ವೈನ್ ಮ್ಯೂಸಿಯಂ: ಕಾಫಿ ತೋಟದವರು ನೋಡಲೇಬೇಕಾದ ಜಾಗ

ಜಾರ್ಜಿಯಾಕ್ಕೆ ಹೋಗುವ ಯೋಚನೆ ಇದ್ದರೆ ಕಾಖೇತಿ ಕಡೆಯ ವೆಲಿಸ್‌ತ್ಸಿಖೆ ಹಳ್ಳಿಯ ನುಮಿಸಿ ವೈನ್ ಮ್ಯೂಸಿಯಂ ತಪ್ಪಿಸಬೇಡಿ. ರಾಜಧಾನಿ ತಬಿಲಿಸಿಯಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ವೈನ್ ಮುಟ್ಟದವರಿಗೂ ಈ ಮಾತು ಹೇಳುತ್ತಿದ್ದೇನೆ. ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ತೋಟ ಇರುವವರಿಗಂತೂ ಇಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಇದು 16ನೇ ಶತಮಾನದ ವೈನ್ ಮನೆ. ಅವರು ಮಾರಾನಿ ಅನ್ನುತ್ತಾರೆ. ಒಳಗೆ ಹೋದ ತಕ್ಷಣ ಪಾತ್ರೆ ಎಲ್ಲಿ ಅಂತ ಹುಡುಕಬೇಕಾಗುತ್ತದೆ, ಯಾಕೆಂದರೆ ಎಲ್ಲವೂ ನೆಲದೊಳಗೆ ಹೂತಿವೆ. ಕ್ವೆವ್ರಿ ಅನ್ನುವ ದೊಡ್ಡ ಮಣ್ಣಿನ ಹಂಡೆಗಳು ಅವು. ಕೆಲವು ಸಾವಿರಾರು ಲೀಟರ್ ಹಿಡಿಯುತ್ತವೆ. ಹೊಟ್ಟೆ ದಪ್ಪ, ತಳ ಚೂಪು, ಒಳಗೆ ತೆಳುವಾಗಿ ಜೇನುಮೇಣ ಬಳಿದಿರುತ್ತಾರೆ. ನಮ್ಮ ಕಣ್ಣಿಗೆ ಬೀಳುವುದು ನೆಲದ ಮಟ್ಟಕ್ಕೆ ಇರುವ ದುಂಡಗಿನ ಬಾಯಿ ಮಾತ್ರ.

ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ, ನಮ್ಮ ಕಾಫಿ ಕೊಯ್ಲಿಗೆ ಮುಂಚೆ. ಅಲ್ಲಿ ಆಗ ದ್ರಾಕ್ಷಿ ಕೊಯ್ಲಿನ ಕಾಲ. ಹಾಗಾಗಿ ಒಂದು ಕ್ವೆವ್ರಿಯಲ್ಲಿ ಹೊಸ ರಸ ಹುದುಗುತ್ತಾ ಇತ್ತು. ಬಗ್ಗಿ ಕಿವಿ ಕೊಟ್ಟರೆ ಚುಯ್ ಅನ್ನುವ ಸದ್ದು, ಮೂಗು ಹತ್ತಿರ ತಂದರೆ ಚುರ್ ಅನ್ನುತ್ತದೆ. ಮೇಲೆ ತೇಲಿ ಬಂದ ಸಿಪ್ಪೆಯ ದಪ್ಪ ಪದರವನ್ನು ಗೈಡ್ ಉದ್ದನೆಯ ಮರದ ಕೋಲಿನಿಂದ ಒತ್ತಿ ಮುಳುಗಿಸಿ ತೋರಿಸಿದರು. ಈ ಕೆಲಸ ದಿನಕ್ಕೆ ಮೂರು ನಾಲ್ಕು ಸಲ ಆಗಬೇಕಂತೆ, ಇಲ್ಲದಿದ್ದರೆ ಮೇಲಿನದು ಒಣಗಿ ಕೆಟ್ಟುಹೋಗುತ್ತದೆ.

ನನ್ನ ಭಾವ ಇಲ್ಲೇ ನಿಂತುಬಿಟ್ಟರು. ನಮ್ಮಲ್ಲಿ ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್ ಕಾಫಿ, ಸಿಪ್ಪೆ ಸಮೇತ ಕಣಕ್ಕೆ ಹಾಕಿ ಒಣಗಿಸಿದರೆ ಚೆರ್ರಿ ಕಾಫಿ, ಅಲ್ವಾ? ಬಿಳಿ ವೈನ್ ವಿಷಯದಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಯುರೋಪಿನ ಕಡೆ ಸಾಮಾನ್ಯವಾಗಿ ಸಿಪ್ಪೆ ಬೇರೆ ಮಾಡಿ ಬರೀ ರಸ ಹುದುಗಿಸುತ್ತಾರೆ. ಕಾಖೇತಿಯವರು ಸಿಪ್ಪೆ, ಬೀಜ, ತೊಟ್ಟು ಎಲ್ಲ ಸೇರಿಸಿ ಹಾಕಿ, ಹುದುಗುವುದು ನಿಂತ ಮೇಲೆ ಕಲ್ಲು ಮುಚ್ಚಿ, ಸುತ್ತ ಹಸಿಮಣ್ಣು ಮೆತ್ತಿ ಐದಾರು ತಿಂಗಳು ಹಾಗೇ ಬಿಡುತ್ತಾರೆ. ಬೀಜ, ಗಸಿ ಎಲ್ಲ ಚೂಪು ತಳಕ್ಕೆ ಇಳಿಯುತ್ತವೆ. ಭೂಮಿಯ ತಂಪೇ ಅವರ ಫ್ರಿಜ್ಜು. ಹೊರಗಿನ ಯೀಸ್ಟ್ ಕೂಡ ಹಾಕುವುದಿಲ್ಲ. "ತೊಳೆಯೋದು ಹೇಗ್ರೀ ಇದನ್ನ?" ಅಂತ ಭಾವ ಕೇಳಿದ್ದಕ್ಕೆ ಗೈಡ್ ಚೆರ್ರಿ ಹಣ್ಣಿನ ಮರದ (ಕಾಫಿಯ ಚೆರ್ರಿ ಅಲ್ಲ) ತೊಗಟೆಯನ್ನು ಕೋಲಿಗೆ ಕಟ್ಟಿದ ಬ್ರಷ್ ತಂದರು. ದೊಡ್ಡ ಕ್ವೆವ್ರಿಯಾದರೆ ಮನುಷ್ಯನೇ ಒಳಗೆ ಇಳಿದು ಉಜ್ಜಬೇಕು.

ನನಗೆ ತುಂಬಾ ಇಷ್ಟವಾಗಿದ್ದು ವೈನ್ ಎತ್ತುವ ಸೌಟು. ಒಣಗಿದ ಸೋರೆಬುರುಡೆಗೆ ಉದ್ದನೆಯ ಹಿಡಿ ಸಿಕ್ಕಿಸಿದ್ದಾರೆ, ಅಷ್ಟೇ! ಹಳೇ ಕ್ವೆವ್ರಿಯ ಮುಚ್ಚಳ ತೆಗೆದು ಅದರಲ್ಲೇ ಎತ್ತಿ ಮಣ್ಣಿನ ಬಟ್ಟಲಿಗೆ ಸುರಿದುಕೊಟ್ಟರು. ರ್ಕಾತ್ಸಿತೆಲಿ ಅನ್ನುವ ಬಿಳಿ ದ್ರಾಕ್ಷಿಯದ್ದು, ಆದರೆ ಬಣ್ಣ ಜೇನಿನದು. ಸಿಹಿ ಇಲ್ಲವೇ ಇಲ್ಲ, ನಾಲಿಗೆ ಹಿಡಿಯುವಷ್ಟು ಒಗರು. ಮಲೆನಾಡಿನ ಅಂಗಡಿಗಳ ಸಿಹಿ ವೈನ್ ಕುಡಿದು ಅಭ್ಯಾಸ ಇದ್ದರೆ ಮೊದಲ ಗುಟುಕು ಹಿಡಿಸುವುದು ಕಷ್ಟ, ಎರಡನೆಯದಕ್ಕೆ ರುಚಿ ಗೊತ್ತಾಗುತ್ತದೆ. ಉಳಿದ ಸಿಪ್ಪೆಯಿಂದ ಬಟ್ಟಿ ಇಳಿಸುವ ಚಾಚಾ ಮಾತ್ರ ಜೋರು, ಹುಷಾರು.

ಜಾರ್ಜಿಯಾದಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಳೆಯ ವೈನ್ ಗುರುತು ಪತ್ತೆಯಾಗಿದೆ. ಕ್ವೆವ್ರಿ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಸೋವಿಯತ್ ಕಾಲದಲ್ಲಿ ಫ್ಯಾಕ್ಟರಿ ವೈನ್ ಎಲ್ಲ ಕಡೆ ತುಂಬಿದಾಗಲೂ ಇದು ಉಳಿದಿದ್ದು ಹಳ್ಳಿ ಮನೆಗಳಲ್ಲಿ, ತಮಗೋಸ್ಕರ ಮಾಡಿಕೊಳ್ಳುತ್ತಿದ್ದವರ ಕೈಯಲ್ಲಿ. ಆ ಮನೆಗಳವರ ಬಗ್ಗೆ ನನಗೆ ದೊಡ್ಡ ಗೌರವ ಬಂತು.

ಬೇಜಾರಾಗಿದ್ದು ನಮ್ಮ ಟೂರ್‌ನವರ ಮೇಲೆ. ದಾರಿಯಲ್ಲಿ ಅಂಗಡಿ ಅಂಗಡಿ ಸುತ್ತಿಸಿ, ಇಲ್ಲಿಗೆ ಬಂದಾಗ ಅರ್ಧ ಗಂಟೆ ಅಂದರು. ಜಗಳ ಮಾಡಿ ಹೆಚ್ಚು ಹೊತ್ತು ಉಳಿದೆವು. ನೀವು ಸುಮ್ನೆ ಗುಂಪಿನ ಜೊತೆ ಹೋಗಬೇಡಿ, ತಬಿಲಿಸಿಯಿಂದ ಕಾರು ಮಾಡಿಕೊಳ್ಳಿ.

ಸಸ್ಯಾಹಾರಿಗಳಿಗೆ ಆ ಕಡೆ ಊಟದ ಚಿಂತೆ ಇಲ್ಲ. ಬೀನ್ಸ್ ಕಾಳಿನ ಹೂರಣ ತುಂಬಿದ ಲೋಬಿಯಾನಿ ರೊಟ್ಟಿ, ಅಕ್ರೋಟು ಅರೆದು ತುಂಬಿದ ಬದನೆಕಾಯಿ, ಎರಡೂ ಚೆನ್ನಾಗಿರುತ್ತವೆ. ಸಮಯ ಇದ್ದರೆ ಹತ್ತಿರದ ತ್ಸಿನಂದಾಲಿಗೂ ಹೋಗಿ. ಅದು ಕವಿ ಅಲೆಕ್ಸಾಂಡರ್ ಚಾವ್‌ಚಾವಾಡ್ಜೆ ಅವರ ಬಂಗಲೆ. ದೊಡ್ಡ ತೋಟ ಇದೆ, ಹಳೇ ಬಾಟಲಿಗಳ ಸಂಗ್ರಹವೂ ಇದೆ. ಒಂದೇ ಜಾಗಕ್ಕೆ ಹೊತ್ತು ಇದ್ದರೆ ನನ್ನ ಓಟು ವೆಲಿಸ್‌ತ್ಸಿಖೆಗೆ, ಅದೂ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ.